ಬಾಯಿ ಮುಚ್ಚಿ ನಕ್ಕವರು

ನಮ್ಮ ಶಾಲೆಯ ಸ್ಟಾಫ್ ರೂಮಿನ ಗೋಡೆಯ ಮೇಲೆ ಎಸ್ಸೆಸ್ಸೆಲ್ಸಿ ಬ್ಯಾಚುಗಳ ಗ್ರೂಪ್ ಫೋಟೋಗಳು ಸಾಲಾಗಿ ತೂಗುತ್ತಿವೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಹೇಳಿದ್ದರು. ಹೋದ ಯುಗಾದಿಗೆ ಊರಿಗೆ ಬಂದಾಗ ಆ ಫೋಟೋಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮ 2005ರ ಬ್ಯಾಚಿನ ಫೋಟೋದಲ್ಲಿ ಹಲ್ಲು ಕಾಣುವಂತೆ ನಕ್ಕವರು ಒಬ್ಬರೂ ಇಲ್ಲ. ಫೋಟೋದವರು ‘ನಗ್ರಪ್ಪಾ’ ಎಂದು ಎಷ್ಟು ಹೇಳಿದರೂ ತುಟಿ ಬಿಗಿಹಿಡಿದೇ ಕೂತಿದ್ದೆವು. ಅದು ಶಿಸ್ತಿನಿಂದಲ್ಲ, ನಾಚಿಕೆಯಿಂದ. ನಮ್ಮ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಕೆಲವರ ಹಲ್ಲಿನಲ್ಲಿ ಸಣ್ಣ ಸಣ್ಣ ಕುಳಿಗಳೂ ಇದ್ದವು.

ಆ ಕಲೆ ತೆಗೆಯಲು ನಾವು ಮಾಡದ ಸಾಹಸವಿಲ್ಲ. ಇದ್ದಿಲು, ಉಪ್ಪು, ಕೊನೆಗೆ ಇಟ್ಟಿಗೆ ಪುಡಿಯಿಂದಲೂ ತಿಕ್ಕಿದ್ದೇವೆ. ವಸಡು ಕಿತ್ತು ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. ಒಮ್ಮೆ ತರಗತಿ ನೋಡಲು ಬಂದ ಅಧಿಕಾರಿಯೊಬ್ಬರು ‘ನೀವ್ಯಾರೂ ಹಲ್ಲು ಉಜ್ಜಲ್ವೇನ್ರೋ?’ ಎಂದು ಎಲ್ಲರ ಮುಂದೆ ಕೇಳಿದ್ದರು. ಅಂದಿನಿಂದ ಹುಡುಗಿಯರು ಸೆರಗಿನಂತೆ ಅಂಗೈ ಅಡ್ಡ ಹಿಡಿದು ನಗುವುದನ್ನು ಕಲಿತರು. ನನ್ನ ಅಕ್ಕನನ್ನು ನೋಡಲು ಬಂದವರೊಬ್ಬರು ಎಲ್ಲ ಒಪ್ಪಿಗೆಯಾದ ಮೇಲೆ ‘ಹಲ್ಲೊಂದು...’ ಎಂದು ಮಾತು ನಿಲ್ಲಿಸಿ ಎದ್ದು ಹೋದರು. ಅಮ್ಮ ಆವತ್ತು ರಾತ್ರಿ ಊಟ ಮಾಡಲಿಲ್ಲ.

ನಮ್ಮ ತಾತನಿಗೆ ಮಾತ್ರ ಎಪ್ಪತ್ತೈದರಲ್ಲೂ ಮಲ್ಲಿಗೆ ಮೊಗ್ಗಿನಂಥ ಹಲ್ಲು. ‘ಬೇವಿನ ಕಡ್ಡಿಯಲ್ಲಿ ಉಜ್ಜಿದ್ರೆ ನಿಮಗೂ ಹೀಗೇ ಇರ್ತಿತ್ತು, ಸೋಮಾರಿಗಳು’ ಎಂದು ಬೈಯುತ್ತಿದ್ದರು. ಒಂದೇ ಮನೆ, ಒಂದೇ ರಾಗಿ ಮುದ್ದೆ, ಒಂದೇ ಊರು. ಅವರ ಹಲ್ಲು ಬೆಳ್ಳಗೆ, ನಮ್ಮವು ಕಂದು. ಯಾಕೆಂದು ಯಾರೂ ಕೇಳಲಿಲ್ಲ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡಿದ್ದೆವು.

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ದಂತವೈದ್ಯರ ಬಳಿ ಹೋದೆ. ಅವರು ಬಾಯಿ ನೋಡಿ ಕೇಳಿದ ಮೊದಲ ಪ್ರಶ್ನೆ, ‘ನಿಮ್ಮದು ಪಾವಗಡದ ಕಡೆಯಾ?’ ನನಗೆ ಆಶ್ಚರ್ಯ. ‘ಇದು ಉಜ್ಜದೆ ಬಂದದ್ದಲ್ಲ, ಕುಡಿದ ನೀರಿನಿಂದ ಬಂದದ್ದು. ಇದಕ್ಕೆ ಫ್ಲೋರೋಸಿಸ್ ಅಂತಾರೆ’ ಎಂದರು. ಇಪ್ಪತ್ತಮೂರು ವರ್ಷ ಹೊತ್ತ ಅಪವಾದ ಒಂದೇ ಮಾತಿನಲ್ಲಿ ಇಳಿಯಿತು. ಆಮೇಲೆ ಇದರ ಚರಿತ್ರೆಯನ್ನು ಹುಡುಕಿ ಓದಿದೆ. ನಮ್ಮ ಹಲ್ಲಿನ ಕಥೆ ಬಹಳ ದೂರದ ಇನ್ನೊಂದು ಊರಿನಲ್ಲಿ ಶುರುವಾಗಿತ್ತು.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದು ಚಿಕಿತ್ಸಾಲಯ ತೆರೆದ. ಆ ಊರಿನಲ್ಲೇ ಹುಟ್ಟಿದವರ ಹಲ್ಲುಗಳ ಮೇಲೆ ಕಂದು ಕಲೆಗಳಿರುವುದು ಅವನ ಕಣ್ಣಿಗೆ ಬಿತ್ತು. ಹಂದಿಮಾಂಸ, ಕೆಟ್ಟ ಹಾಲು ಎಂದು ಊರವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅಲ್ಲಿಯೂ ತಪ್ಪು ಬಾಯಿಯದ್ದೇ, ತಿಂದವರದ್ದೇ! ಮೆಕೇ ಅದನ್ನು ನಂಬಲಿಲ್ಲ. 1909ರಲ್ಲಿ ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಅವನ ಜೊತೆಗೂಡಿದರು. ಊರಿನಲ್ಲೇ ಹುಟ್ಟಿದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳಿಗೆ ಕಲೆ ಇತ್ತು. ಕಾಯಂ ಹಲ್ಲು ಬಲಿತ ಮೇಲೆ ಬೇರೆ ಊರಿನಿಂದ ಬಂದು ನೆಲೆಸಿದವರಿಗೆ ಇರಲಿಲ್ಲ. ಇನ್ನೊಂದು ಸೋಜಿಗವೆಂದರೆ, ಕಲೆ ಬಿದ್ದ ಆ ಹಲ್ಲುಗಳು ಬೇಗ ಹುಳುಕಾಗುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದು ಇನ್ನೊಂದರಲ್ಲಿ ಕೆಟ್ಟರೆ, ಎರಡರ ನಡುವೆ ಏನು ಬೇರೆ ಇದೆ ಎಂದು ಹುಡುಕುತ್ತೇವೆ. ಮೆಕೇ ಮಾಡಿದ್ದೂ ಅದನ್ನೇ. 1923ರಲ್ಲಿ ಐಡಾಹೊ ರಾಜ್ಯದ ಓಕ್ಲೆ ಎಂಬ ಊರಿಗೆ ಅವನನ್ನು ಕರೆಸಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳವೆಯಲ್ಲಿ ನೀರು ತಂದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬರುತ್ತಿದೆ ಎಂಬುದು ಅಲ್ಲಿನ ತಂದೆತಾಯಿಗಳ ದೂರು. ನೀರು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಮೆಕೇ ‘ಈ ನೀರು ಬಿಡಿ, ಹತ್ತಿರದ ಇನ್ನೊಂದು ಬುಗ್ಗೆಯ ನೀರು ಕುಡಿಯಿರಿ’ ಎಂದ. ಕೆಲವೇ ವರ್ಷಗಳಲ್ಲಿ ಅಲ್ಲಿನ ಎಳೆಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ಕಾರಣದ ಹೆಸರು ತಿಳಿಯುವ ಮೊದಲೇ ಪರಿಹಾರ ಸಿಕ್ಕಿತ್ತು.

ಹೆಸರು ತಿಳಿದದ್ದು 1931ರಲ್ಲಿ. ಆರ್ಕನ್ಸಾಸ್ ರಾಜ್ಯದ ಬಾಕ್ಸೈಟ್ ಎಂಬುದು ಅಲ್ಯೂಮಿನಿಯಂ ಕಂಪನಿಯೊಂದು ಕಟ್ಟಿದ ಗಣಿ ಊರು. ಅಲ್ಲಿಯ ಮಕ್ಕಳಿಗೂ ಇದೇ ಕಲೆ, ಐದು ಮೈಲಿ ಆಚೆಯ ಊರಿನವರಿಗೆ ಇಲ್ಲ. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬ ಮಾತು ಹರಡುತ್ತಿದ್ದ ಕಾಲವದು. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಗಾಬರಿಯಾಗಿ ಆ ನೀರನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದರು. ಯಾರೂ ಹುಡುಕದೆ ಬಿಟ್ಟಿದ್ದ ಫ್ಲೋರೈಡ್ ಅದರಲ್ಲಿ ಹೆಚ್ಚಾಗಿತ್ತು. ಮೆಕೇ ಬೇರೆ ಊರುಗಳ ನೀರು ಕಳಿಸಿದ, ಅವುಗಳಲ್ಲಿಯೂ ಅದೇ. ಮೂವತ್ತು ವರ್ಷದ ಹುಡುಕಾಟ ಮುಗಿಯಿತು. ಮುಂದೆ ಟ್ರೆಂಡ್ಲಿ ಡೀನ್ ಎಂಬ ವೈದ್ಯರು ಲೆಕ್ಕ ಹಾಕಿ, ಲೀಟರ್ ನೀರಿಗೆ ಸುಮಾರು 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ಬಹುತೇಕರಿಗೆ ಕಲೆ ಬರುವುದಿಲ್ಲ, ಹುಳುಕೂ ಕಡಿಮೆ ಎಂದು ತೋರಿಸಿದರು. ಇಂದಿನ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಇರುವುದು ಆ ಸಂಶೋಧನೆಯ ಫಲ.

ನಮ್ಮ ದೇಶದಲ್ಲಿ ಇದು ದಾಖಲಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಶಾರ್ಟ್ ಮತ್ತು ಸಂಗಡಿಗ ವೈದ್ಯರು ಅಲ್ಲಿ ಹಲ್ಲಿನ ಕಲೆಯ ಜೊತೆಗೆ ಬೆನ್ನು, ಕೀಲು ಬಿಗಿದು ಬಾಗದಂತಾದ ರೈತರನ್ನು ಕಂಡರು. ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ದೇಹ ಸೇರಿದರೆ ಮೂಳೆಗೂ ಹಿಡಿಯುತ್ತದೆ.

ಈಗ ನಮ್ಮ ತಾತನ ಹಲ್ಲಿಗೆ ಬರೋಣ. ಅವರ ಬಾಲ್ಯದಲ್ಲಿ ಊರಿಗೆ ಸೇದುವ ಬಾವಿ ಮತ್ತು ಕೆರೆಯ ನೀರು. ಅದು ಮೇಲಿನ ನೀರು, ಮಳೆ ಬಂದಾಗ ಹೊಸದಾಗಿ ತುಂಬುತ್ತಿದ್ದದ್ದು. ಮುಂದೆ ಬರಗಾಲ ಬಂದು ಬಾವಿ ಬತ್ತಿ, ಊರೂರಿಗೆ ಬೋರಿಂಗ್ ಬಂತು. ಅದನ್ನು ತಂದವರ ಉದ್ದೇಶ ಒಳ್ಳೆಯದೇ. ಬಾವಿಯ ನೀರಿನಿಂದ ನಾರುಹುಣ್ಣು, ಕಾಲರಾ ಬರುತ್ತಿದ್ದ ಕಾಲ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಗಲು ಬೋರಿಂಗಿನ ನೀರೂ ಒಂದು ಕಾರಣ. ಆದರೆ ನಮ್ಮ ನೆಲದಡಿಯ ಬಂಡೆಗಳಲ್ಲಿ ಫ್ಲೋರೈಡ್ ಇದೆ. ಆಳದ ನೀರು ಅವುಗಳ ನಡುವೆ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಡ ತುಂಬಿದ ಅಮ್ಮಂದಿರಿಗೆ ತಿಳಿಯುವುದಾದರೂ ಹೇಗೆ?

ಹಲ್ಲು ಹುಟ್ಟುವ ಬಗೆಯನ್ನು ತಿಳಿದರೆ ಉಳಿದದ್ದೂ ಅರ್ಥವಾಗುತ್ತದೆ. ಕಾಯಂ ಮುಂಬಲ್ಲುಗಳ ಮೇಲಿನ ಗಟ್ಟಿ ಹೊದಿಕೆ, ಅಂದರೆ ಎನಾಮೆಲ್, ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ ವಸಡಿನೊಳಗೇ ತಯಾರಾಗುತ್ತದೆ. ಎಂಟರ ಹೊತ್ತಿಗೆ ಕೊನೆಯ ದವಡೆ ಹಲ್ಲು ಬಿಟ್ಟು ಎಲ್ಲದರ ಕೆಲಸ ಮುಗಿದಿರುತ್ತದೆ. ಆಗ ಫ್ಲೋರೈಡ್ ಹೆಚ್ಚಾದರೆ ಎನಾಮೆಲ್ ಒಳಗೆ ಸಣ್ಣ ರಂಧ್ರಗಳು ಉಳಿದು, ಹಲ್ಲು ಹೊರಬಂದ ಮೇಲೆ ಬಣ್ಣ ಹಿಡಿಯುತ್ತದೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಾಗ ನಾಶವಾಗುವುದರಿಂದ ಅದು ಮತ್ತೆ ಬೆಳೆಯುವುದಿಲ್ಲ. ನಾವು ಇಟ್ಟಿಗೆ ಪುಡಿಯಿಂದ ತಿಕ್ಕಿ ತೆಗೆದದ್ದು ಕಲೆಯನ್ನಲ್ಲ, ಉಳಿದಿದ್ದ ಎನಾಮೆಲ್ಲನ್ನು.

ಆದ್ದರಿಂದ ಊರಿನ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಎಂಟು ವರ್ಷದವರೆಗಿನ ಮಕ್ಕಳಿಗೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೇ ಬಳಸಿ. ಬೋರಿನ ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಎದೆಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ, ಕೂಸಿಗೆ ಅದಕ್ಕಿಂತ ಕ್ಷೇಮವಾದದ್ದಿಲ್ಲ. ಕಲೆ ಇರಲಿ ಬಿಡಲಿ, ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ. ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಿ. ಆರು ವರ್ಷದೊಳಗಿನವರಿಗೆ ಯಾವ ಪೇಸ್ಟ್ ಎಂಬುದನ್ನು ದಂತವೈದ್ಯರನ್ನೇ ಕೇಳಿ. ಮಿಠಾಯಿ, ಬಿಸ್ಕತ್ತು ಕಡಿಮೆ ಇರಲಿ, ಹುಳುಕಿಗೆ ಸಕ್ಕರೆಯೇ ಮೂಲ. ದೊಡ್ಡವರ ಕಲೆಗೂ ಈಗ ಚಿಕಿತ್ಸೆ ಇದೆ, ನನ್ನ ಅಕ್ಕ ಮಾಡಿಸಿಕೊಂಡಿದ್ದಾಳೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಾನು ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟಡದ ಪಕ್ಕದಲ್ಲಿ ಮಾಳಿಗೆಯ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿದ್ದಾರೆ. ತೊಟ್ಟಿ ಗಟ್ಟಿಯಾಗಿದೆ, ಪೈಪು ಮಾತ್ರ ಮುರಿದು ಬಿದ್ದಿದೆ. ಅದರ ಪಕ್ಕದಲ್ಲೇ ಓಡಾಡುವ ನಮಗೆಲ್ಲ ಅದು ಮರೆತೇ ಹೋಗಿದೆ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ ಎಂದು ಕೇಳಿದೆ. ಕಮಾನು ಆಮೇಲೆ ಕಟ್ಟೋಣ. ಮೊದಲು ಆ ಪೈಪು, ಒಂದು ಶೋಧಕ, ವರ್ಷಕ್ಕೆರಡು ಸಲ ನೀರಿನ ಪರೀಕ್ಷೆ, ಇಷ್ಟಾಗಲಿ. ನಮ್ಮ ಬ್ಯಾಚಿನವರು ಖರ್ಚಿನ ಅರ್ಧ ಭಾಗ ಕೊಡಲು ಒಪ್ಪಿದ್ದಾರೆ. ಪಕ್ಕದ ಅಂಗನವಾಡಿಗೂ ಅಲ್ಲಿಂದಲೇ ಒಂದು ನಲ್ಲಿ ಕೊಡೋಣ, ಏಕೆಂದರೆ ಹೈಸ್ಕೂಲಿಗೆ ಬರುವ ಹೊತ್ತಿಗೆ ಹಲ್ಲಿನ ಮಟ್ಟಿಗೆ ತಡವಾಗಿರುತ್ತದೆ.

ಇವತ್ತು ಆ ಅಂಗನವಾಡಿಯಲ್ಲಿರುವ ಮಕ್ಕಳು ಇನ್ನು ಹನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ ಫೋಟೋಕ್ಕೆ ನಿಲ್ಲುತ್ತಾರೆ. ಅವರು ಹಲ್ಲು ಬಿಟ್ಟು ನಗಲಿ.

– ಹಳೆಯ ವಿದ್ಯಾರ್ಥಿ (2004–05ನೇ ಸಾಲು), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು