ಕಪ್ಪೆಗೆ ಕಂದಾಯವಿರಲಿಲ್ಲ

ನಮ್ಮ ಮನೆಯ ಕೆಳಗಿನ ಬೈಲಿನಲ್ಲಿ ಎರಡು ಎಕರೆ ಗದ್ದೆಯಿತ್ತು. ಅದರಲ್ಲಿ ಒಂದೂವರೆ ಎಕರೆಗೆ ಅಪ್ಪ ಅಡಿಕೆ ಸಸಿ ಇಟ್ಟು ಎಂಟು ವರ್ಷವಾಯಿತು. ಉಳಿದ ಅರ್ಧ ಎಕರೆಗೂ ಮಣ್ಣು ಹೊಡೆಸುವ ಮಾತು ನಡೆಯುತ್ತಿದ್ದಾಗ, ಈ ಬೇಸಿಗೆಯಲ್ಲಿ, ನಾನು ಊರಿಗೆ ಹೋಗಿದ್ದೆ. ನನ್ನ ಪಿಎಚ್‌.ಡಿ. ವಿಷಯ ಮಲೆನಾಡಿನ ಭತ್ತದ ಬೇಸಾಯದ ಚರಿತ್ರೆ. ‘ಗದ್ದೆ ಮೇಲೆ ಪುಸ್ತಕ ಬರೀತೀಯ, ಸರಿ. ಗದ್ದೆ ಮಾಡೋರು ಯಾರು?’ ಎಂದು ಅಪ್ಪ ಕೇಳಿದರು. ಆಳಿನ ಕೂಲಿ, ಭತ್ತದ ಬೆಲೆ ಎರಡೂ ನನಗೆ ಗೊತ್ತು, ವಾದ ಮಾಡುವಂತಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: ‘ಕಪ್ಪೆಗಳು ಎಲ್ಲಿಗೆ ಹೋಗಬೇಕು?’ ಎಲ್ಲರೂ ನಕ್ಕರು, ನಾನೂ ನಕ್ಕೆ. ಬೆಂಗಳೂರಿಗೆ ಮರಳಿ ನನ್ನ ಟಿಪ್ಪಣಿಗಳನ್ನು ತಿರುವಿದರೆ, ನಾಲ್ಕು ವರ್ಷಗಳ ಓದಿನಲ್ಲಿ ಕಪ್ಪೆ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಇರುವುದಾದರೂ ಹೇಗೆ? ನಾನು ಓದಿದ್ದು ಹೆಚ್ಚಾಗಿ ಕಂದಾಯದ ಕಡತಗಳನ್ನು. ಅಲ್ಲಿ ಗದ್ದೆಯ ದರ್ಜೆ, ಬಿತ್ತನೆಯ ಪ್ರಮಾಣ, ಗೇಣಿ, ಬಾಕಿ ಎಲ್ಲಕ್ಕೂ ಲೆಕ್ಕವಿದೆ. ಕಪ್ಪೆಗೆ ಕಂದಾಯವಿರಲಿಲ್ಲ.

ಆದರೂ ಆ ಕಡತಗಳ ನಡುವೆಯೇ ಕಪ್ಪೆಯ ಚರಿತ್ರೆ ಅಡಗಿದೆ ಎಂದು ಈಗ ಅನಿಸುತ್ತಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಭತ್ತ ಬೆಳೆಯುವ ಮೂರು ಕ್ರಮಗಳನ್ನು ವಿವರವಾಗಿ ಬರೆದಿದ್ದಾನೆ: ಒಣಬೀಜ ಚೆಲ್ಲುವ ಬರಭತ್ತ, ಮೊಳಕೆ ಬರಿಸಿ ಕೆಸರಿಗೆ ಎಸೆಯುವ ಮೊಳೆಭತ್ತ, ಸಸಿ ಕಿತ್ತು ಊರುವ ನಾಟಿ. ಅವನ ಆಸಕ್ತಿ ಇಳುವರಿಯದ್ದು. ಆದರೆ ಯಾವ ಗದ್ದೆಯಲ್ಲಿ ಎಷ್ಟು ದಿನ ನೀರು ನಿಲ್ಲಿಸುತ್ತಾರೆ, ಯಾವಾಗ ಬಿಡುತ್ತಾರೆ ಎಂಬ ವಿವರಗಳನ್ನು ಕಪ್ಪೆಯ ಕಡೆಯಿಂದ ಓದಿ ನೋಡಿ. ಅದು ಬೇರೆಯೇ ಪಠ್ಯವಾಗುತ್ತದೆ.

ನಮ್ಮ ಗೋಂಕುರು ಕಪ್ಪೆ ವರ್ಷದ ಬಹುಭಾಗ ಕಣ್ಣಿಗೆ ಬೀಳುವುದಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ, ಗಂಟಲಿನ ಎರಡೂ ಪಕ್ಕ ನೀಲಿ ಚೀಲ ಉಬ್ಬಿಸಿ ವಟಗುಟ್ಟುತ್ತವೆ. ಕೆಲವೇ ರಾತ್ರಿಗಳಲ್ಲಿ ಮೊಟ್ಟೆ ಇಡುವ ಕೆಲಸ ಮುಗಿಯಬೇಕು. ಅದಕ್ಕೆ ಬೇಕಾದದ್ದು ಆಳವಿಲ್ಲದ, ಬಿಸಿಲು ಬೀಳುವ, ಮೊಟ್ಟೆ-ಮರಿ ತಿನ್ನುವ ಮೀನು ಇನ್ನೂ ಸೇರದ ಹೊಸ ನೀರು. ಮರಿಗಳಿಗೆ ಕಾಲು ಮೂಡಿ ಬಾಲ ಕರಗುವವರೆಗೆ ಆ ನೀರು ಕೆಲವು ವಾರ ನಿಲ್ಲಬೇಕು. ನಾಟಿಗೆ ಉತ್ತು ಕಟ್ಟಿದ ಗದ್ದೆ ಕೊಡುತ್ತಿದ್ದುದು ಸರಿಯಾಗಿ ಇದನ್ನೇ. ಬೇಸಿಗೆಗೆ ಹುಲ್ಲು ಬೆಳೆದ ಅಂಚು, ಅದರೊಳಗಿನ ಏಡಿ ಬಿಲ, ಮೇಲಿನ ಕೆರೆಯ ತೇವ. ಇದನ್ನು ಯಾರೂ ಕಪ್ಪೆಗಾಗಿ ಮಾಡಿದ್ದಲ್ಲ. ಅಜ್ಜಂದಿರನ್ನು ಪರಿಸರವಾದಿಗಳನ್ನಾಗಿ ಮಾಡುವ ಚಪಲ ನನಗಿಲ್ಲ. ಆ ಗದ್ದೆಗಳಲ್ಲಿ ಯಾರು ಬಗ್ಗಿ ದುಡಿದರು, ಯಾರ ಕಣಜ ತುಂಬಿತು ಎಂಬುದನ್ನು ಅದೇ ಕಡತಗಳಲ್ಲಿ ಓದಿದ್ದೇನೆ. ಅನ್ನಕ್ಕಾಗಿ ಕಟ್ಟಿದ ನೀರಿನಲ್ಲಿ ಕಪ್ಪೆ ತನ್ನ ಪಂಚಾಂಗವನ್ನು ಹೊಂದಿಸಿಕೊಂಡಿತು, ಅಷ್ಟೇ.

ಸರ್ಕಾರದ ಲೆಕ್ಕಕ್ಕೆ ಕಪ್ಪೆ ಬಂದದ್ದು ಸತ್ತ ಮೇಲೆ, ಅದೂ ಟನ್ನುಗಳಲ್ಲಿ. 1950ರ ದಶಕದಿಂದ ಭಾರತದ ಕಪ್ಪೆಗಾಲುಗಳು ಹೆಪ್ಪುಗಟ್ಟಿದ ಸರಕಾಗಿ ಅಮೆರಿಕ, ಯೂರೋಪುಗಳಿಗೆ ಹೊರಟವು. ಕೊಚ್ಚಿಯ ಸೀಗಡಿ ಕಾರ್ಖಾನೆಗಳ ಶೀತಲ ಯಂತ್ರಗಳು ಇದಕ್ಕೂ ಒದಗಿದವು. 1981ರಲ್ಲಿ ರಫ್ತು 4,000 ಟನ್ ಮೀರಿತ್ತು. ತೂಗಿದ್ದು ಹಿಂಗಾಲು ಮಾತ್ರ. ಉಳಿದ ದೇಹ ಕಸ. ಹಿಡಿಯುತ್ತಿದ್ದುದು ಮಳೆಗಾಲದ ರಾತ್ರಿಗಳಲ್ಲಿ, ಅಂದರೆ ಕಪ್ಪೆ ಸಂಗಾತಿಗಾಗಿ ಕೂಗಿ ತಾನಿರುವ ಜಾಗವನ್ನು ತಾನೇ ಹೇಳಿಕೊಡುವ ಹೊತ್ತಿನಲ್ಲಿ. ಪೆಟ್ರೋಮ್ಯಾಕ್ಸ್ ಬೆಳಕು ಕಣ್ಣಿಗೆ ಬಿದ್ದರೆ ಅದು ಕದಲುವುದಿಲ್ಲ. ಹಿಡಿದವರು ಬಹುತೇಕ ಭೂಮಿಯಿಲ್ಲದವರು. ಆ ನಾಲ್ಕು ಕಾಸನ್ನು ಅವರು ಬಿಡಬೇಕಿತ್ತು ಎಂದು ಈಗ ಗ್ರಂಥಾಲಯದಲ್ಲಿ ಕುಳಿತು ಹೇಳುವುದು ಸುಲಭ.

ಅದೇ ದಶಕಗಳಲ್ಲಿ ಹೊಸ ತಳಿಗಳ ಹಿಂದೆಯೇ ಬಿಎಚ್‌ಸಿ ಪುಡಿ ಗದ್ದೆಗಿಳಿಯಿತು. ಕೀಟ ತಿನ್ನುವ ಪ್ರಾಣಿಯನ್ನು ಹಡಗಿಗೆ ಹತ್ತಿಸಿ, ಕೀಟ ಕೊಲ್ಲುವ ವಿಷವನ್ನು ದುಡ್ಡು ಕೊಟ್ಟು ತರುವ ಈ ವ್ಯಾಪಾರವನ್ನು ಕೆಲವರು ಆಗಲೇ ಪ್ರಶ್ನಿಸಿದರು. ಮುಂಬೈಯ ಹುಮಾಯೂನ್ ಅಬ್ದುಲಾಲಿ ಅವರಲ್ಲಿ ಮುಖ್ಯರು. ಪಕ್ಷಿತಜ್ಞರಾಗಿದ್ದೂ ಕಪ್ಪೆಗಾಲಿನ ರಫ್ತಿನ ಬಗ್ಗೆ 1985ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ದೀರ್ಘ ಲೇಖನ ಬರೆದರು. ಅದೇ ವರ್ಷ ಗೋಂಕುರು ಕಪ್ಪೆ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ರಫ್ತನ್ನು ನಿಷೇಧಿಸಿತು. ಬೇಡಿಕೆ ನಿಲ್ಲಲಿಲ್ಲ, ಬಾಂಗ್ಲಾದೇಶ, ಇಂಡೋನೇಷ್ಯಾಗಳತ್ತ ತಿರುಗಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ, ಗೆಲುವಿನಲ್ಲಿ ಮುಗಿಸುತ್ತಾರೆ. ನನಗೆ ತೊಡಕಾಗುವುದು ಇಲ್ಲೇ. ನಿಷೇಧ ಕಪ್ಪೆಯನ್ನು ಹಿಡಿಯುವ ಕೈಯನ್ನು ತಡೆಯಿತು. ಗದ್ದೆಯ ವಿಷವನ್ನು ತಡೆಯುವುದು ಅದರ ಕೆಲಸವಾಗಿರಲಿಲ್ಲ, ಗದ್ದೆಯನ್ನು ಉಳಿಸುವುದಂತೂ ಅಲ್ಲವೇ ಅಲ್ಲ. ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮದೇ ಮಲೆನಾಡಿನ ಕೃಷಿಭೂಮಿಯ ಸಾಮಾನ್ಯ ಕಪ್ಪೆಗಳಲ್ಲಿ ಅಂಗವಿಕಾರಗಳನ್ನು ದಾಖಲಿಸಿದೆ. ಅಂಥ ಕಪ್ಪೆಯನ್ನು ಯಾರೂ ಹಿಡಿದಿಲ್ಲ, ಮಾರಿಲ್ಲ.

ವಿಜ್ಞಾನದ ಕುತೂಹಲ ಮೊದಲಿನಿಂದಲೂ ಕಾಡಿನ ಕಡೆಗೇ ಹೆಚ್ಚು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ಒಂದಕ್ಕೆ ಕೊಟ್ಟಿಗೆಹಾರದ ಹೆಸರಿದೆ. ಅವರು ಇಟ್ಟಿದ್ದ ಮಾದರಿಗಳು ಆಮೇಲೆ ಕಳೆದುಹೋದವು. ಮೊಟ್ಟೆಗೆ ಮಣ್ಣು ಮೆತ್ತುವ ಉತ್ತರ ಕನ್ನಡದ ಕಪ್ಪೆಗೆ 2014ರಲ್ಲಿ ‘ಕುಂಬಾರ’ ಎಂದು ನಾಮಕರಣವಾದಾಗ ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಗದ್ದೆಯ ಕಪ್ಪೆಗೆ ಮಾತ್ರ ಆ ಭಾಗ್ಯವಿಲ್ಲ. ಅದು ಅಪರೂಪವಲ್ಲ, ಅಳಿವಿನಂಚಿನ ಪಟ್ಟಿಯಲ್ಲಿಲ್ಲ. ಒಂದು ಬೈಲಿನಿಂದ ಅದು ಹೋದರೆ ಎಲ್ಲಿಯೂ ಸುದ್ದಿಯಾಗುವುದಿಲ್ಲ.

ಅಡಿಕೆ ತೋಟದಲ್ಲೂ ಕಪ್ಪೆಗಳಿವೆ. ಕಾದಿಗೆಯ ನೀರಿಗೆ, ಸೋಗೆಯ ತೇವಕ್ಕೆ ಒಗ್ಗಿದ ಜಾತಿಗಳು ಬೇಕಾದಷ್ಟು. ಹಾಗಾಗಿ ಅಡಿಕೆಯನ್ನು ಖಳನಾಯಕನನ್ನಾಗಿಸಿ ಬರೆದರೆ ಸುಳ್ಳಾಗುತ್ತದೆ, ಅಲ್ಲದೆ ನನ್ನ ಓದಿನ ಖರ್ಚು ಬಂದದ್ದೂ ಅದರಿಂದಲೇ. ಆದರೆ ಗೋಂಕುರುವಿಗೆ ಬೇಕಾದ ಬಯಲು ನೀರು ತೋಟದಲ್ಲಿ ಸಿಗುವುದಿಲ್ಲ. ತೋಟದಲ್ಲಿ ನೀರು ನಿಲ್ಲಬಾರದು. ನಿಂತರೆ ಬೇರು ಕೊಳೆಯುತ್ತದೆ. ಒಂದು ಬೆಳೆಯ ರೋಗ ಇನ್ನೊಂದು ಜೀವದ ತೊಟ್ಟಿಲು.

ಆ ಅರ್ಧ ಎಕರೆಗೆ ಇನ್ನೂ ಮಣ್ಣು ಬಿದ್ದಿಲ್ಲ. ಜೆಸಿಬಿ ಸಿಗುವ ಹೊತ್ತಿಗೆ ಮಳೆ ಹಿಡಿಯಿತು. ಪಕ್ಕದ ಮನೆಯವರು ಈ ವರ್ಷದ ಮಟ್ಟಿಗೆ ನಾಟಿ ಮಾಡಿಕೊಳ್ಳುತ್ತೇವೆಂದರು, ಅಪ್ಪ ಒಪ್ಪಿದರು. ಆರಿದ್ರಾ ಮಳೆಯ ಎರಡನೇ ರಾತ್ರಿ ನಾನು ಕೊಡೆ, ಟಾರ್ಚು, ಮೊಬೈಲು ಹಿಡಿದು ಅಂಚಿನ ಮೇಲೆ ಹೋಗಿ ನಿಂತೆ. ಹನ್ನೊಂದು ಕೂಗುಗಳನ್ನು ಬಿಡಿಸಿ ಎಣಿಸಲಾಯಿತು. ತಾರೀಖು, ಹೊತ್ತು, ಗದ್ದೆಯ ಸರ್ವೆ ನಂಬರು ಬರೆದುಕೊಂಡೆ. ಹಿಂದೆ ಯಾರೋ ಕೆಸರಿನಲ್ಲಿ ಕಾಲಿಟ್ಟ ಸದ್ದಾಗಿ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಅಪ್ಪ ಬಂದಿದ್ದರು. ಅವರು ಟಾರ್ಚು ಆರಿಸಿದರು. ಸ್ವಲ್ಪ ಹೊತ್ತಿಗೆ ಆಚೆ ಮೂಲೆಯಿಂದ ಒಂದು ಮತ್ತೆ ಶುರು ಮಾಡಿತು.