ಘಟ್ಟ ಹತ್ತಿ ಬಂದವರು: ಕಾಫಿ ಸೀಮೆಯ ಕೂಲಿ ಮತ್ತು ಕಟ್ಟುಪಾಡು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬತೊಡಗಿದಾಗ, ಕಾಡು ಸವರಲು, ಗುಂಡಿ ತೆಗೆಯಲು, ಹಣ್ಣು ಕೊಯ್ಯಲು ಆಳು ಸಿಗುವುದಿಲ್ಲವೆಂಬುದು ತೋಟಗಾರರ ನಿತ್ಯದ ದೂರಾಯಿತು. ಮಲೆನಾಡಿನ ವಿರಳ ಜನವಸತಿಯೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಸ್ಥಳೀಯ ದುಡಿಮೆಗಾರರಲ್ಲಿ ಅನೇಕರು ಹುಟ್ಟಾಳುಗಳಾಗಿ, ಅಂದರೆ ಒಡೆಯನ ಮನೆತನಕ್ಕೆ ವಂಶಪಾರಂಪರ್ಯವಾಗಿ ಸೇರಿದವರಾಗಿ, ಇಲ್ಲವೇ ಮಣ್ಣಾಳುಗಳಾಗಿ, ಅಂದರೆ ಜಮೀನಿಗೇ ಅಂಟಿಕೊಂಡವರಾಗಿ, ಗದ್ದೆಯ ಕೆಲಸಕ್ಕೆ ಕಟ್ಟುಬಿದ್ದಿದ್ದರು. 1843ರ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಬೆಂಬಲವನ್ನು ಕಿತ್ತುಹಾಕಿದ ಮೇಲೂ ಜೀತ ಸಾಲದ ರೂಪದಲ್ಲಿ ಮುಂದುವರಿಯಿತು.

ಆದ್ದರಿಂದ ತೋಟಗಾರರ ಕಣ್ಣು ಘಟ್ಟದ ಕೆಳಗೆ ಹೊರಳಿತು. ದಕ್ಷಿಣ ಕನ್ನಡದಲ್ಲಿ ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿಯುವ ಹೊತ್ತಿಗೇ ಮೇಲೆ ಕಾಫಿ ಹಣ್ಣಾಗುತ್ತಿದ್ದುದರಿಂದ, ಕೂಲಿಕಾರರು ಚಾರ್ಮಾಡಿಯಂಥ ಘಟ್ಟದ ದಾರಿಗಳನ್ನು ಹತ್ತಿ ಬಂದು, ಮುಂದಿನ ಮಳೆಗೆ ಮೊದಲೇ ನಾಟಿಗಾಗಿ ಊರಿಗೆ ಇಳಿಯುತ್ತಿದ್ದರು. ಆಗ ಕೆಳಗಿನ ಸೀಮೆ ಮದರಾಸು ಪ್ರಾಂತಕ್ಕೂ ಮೇಲಿನ ಕಡೂರು ಜಿಲ್ಲೆ ಮೈಸೂರು ಸಂಸ್ಥಾನಕ್ಕೂ ಸೇರಿದ್ದರಿಂದ, ಘಟ್ಟ ಹತ್ತಿದವರು ಒಂದು ಆಡಳಿತವನ್ನು ಬಿಟ್ಟು ಇನ್ನೊಂದರೊಳಗೆ ಕಾಲಿಡುತ್ತಿದ್ದರು.

ಇವರನ್ನು ಕರೆತರುತ್ತಿದ್ದವನು ಮೇಸ್ತ್ರಿ. ತೋಟದಿಂದ ಹಣ ಪಡೆದು, ಅದನ್ನು ಊರಿನಲ್ಲಿ ಮುಂಗಡವಾಗಿ ಹಂಚಿ, ಆಳುಗಳ ದುಡಿಮೆಯ ಮೇಲೆ ಕಮಿಷನ್ ಗಳಿಸುತ್ತಿದ್ದ ಮಧ್ಯವರ್ತಿ. ಮುಂಗಡ ತೀರುವ ತನಕ ಆಳು ಬೇರೆ ತೋಟಕ್ಕೆ ಹೋಗುವಂತಿರಲಿಲ್ಲ. ಬ್ರಿಟಿಷ್ ಭಾರತದ 1859ರ ಹದಿಮೂರನೆಯ ಕಾಯ್ದೆಯಂತೂ, ಮುಂಗಡ ಪಡೆದು ಕೆಲಸ ಮಾಡದವನಿಗೆ ಹಣ ಹಿಂತಿರುಗಿಸಲು ಇಲ್ಲವೇ ದುಡಿಯಲು ಆಜ್ಞಾಪಿಸುವ, ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆಗೆ ಕಳಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟು, ಸಿವಿಲ್ ಒಪ್ಪಂದದ ಉಲ್ಲಂಘನೆಯನ್ನು ಅಪರಾಧವಾಗಿಸಿತು. 1893ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ತೋಟಗಾರರ ಒಕ್ಕೂಟವಾದ ಉಪಾಸಿಯ ಕಾಳಜಿಗಳಲ್ಲಿ, ಒಂದು ತೋಟದ ಆಳನ್ನು ಇನ್ನೊಂದು ತೋಟ ಸೆಳೆಯದಂತೆ ತಡೆಯುವುದೂ ಸೇರಿತ್ತು. ಕೊರತೆಯಿದ್ದಲ್ಲಿ ಕೂಲಿ ಏರಬೇಕಾದದ್ದು ಸಹಜ; ಆ ಏರಿಕೆಯ ದಾರಿಗೇ ಈ ಏರ್ಪಾಡುಗಳು ಅಡ್ಡ ನಿಂತವು.

ಆ ಕಾಯ್ದೆ 1926ರಲ್ಲಿ ರದ್ದಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ವೈದ್ಯಕೀಯ ನೆರವುಗಳನ್ನು ಮಾಲೀಕರ ಹೊಣೆಯಾಗಿಸಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯವಾಗಿ, ನಿನ್ನೆಯ ಹೊರಗಿನವರು ಒಳಗಿನವರಾದರು. 1976ರಲ್ಲಿ ಜೀತಪದ್ಧತಿ ನಿಷೇಧದ ಕಾನೂನು ಬಂದಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಕಾರ್ಮಿಕನಿಗೆ ಸ್ಥಳಾಂತರ ಭತ್ಯೆಯನ್ನು ಗೊತ್ತುಪಡಿಸಿತು. ಈಗ ಅದೇ ತೋಟಗಳ ಲೈನುಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಅಸ್ಸಾಮಿನಿಂದ ಬಂದ ಕುಟುಂಬಗಳಿದ್ದರೆ, ಮಲೆನಾಡಿನ ಓದಿದ ಯುವಜನ ಬೆಂಗಳೂರಿಗೂ ಅಲ್ಲಿಂದ ವಿದೇಶಕ್ಕೂ ಹೋಗುತ್ತಿದ್ದಾರೆ.

ಹಾಗೆ ಅಮೆರಿಕಕ್ಕೆ ಹೋದ ಎಂಜಿನಿಯರುಗಳಲ್ಲಿ ಹಲವರಿಗೆ ಆಧಾರವಾದ ಎಚ್-1ಬಿ ವೀಸಾ, ಪರಿಣತ ವಿದೇಶಿಯರಿಗೆ ತಾತ್ಕಾಲಿಕ ಉದ್ಯೋಗಕ್ಕಾಗಿ ಕೊಡುವ ಪರವಾನಗಿ, ಕಂಪನಿಯೊಂದರ ಅರ್ಜಿಯ ಮೇಲೆ ನಿಂತಿರುತ್ತದೆ. ಕೆಲಸ ಹೋದರೆ ಹೊಸ ಮಾಲೀಕನನ್ನು ಹುಡುಕಲು ಸಾಮಾನ್ಯವಾಗಿ 60 ದಿನಗಳ ಗಡುವಷ್ಟೇ ಸಿಗುತ್ತದೆ. ಎಂಜಿನಿಯರನ ಸಂಬಳಕ್ಕೂ ತೋಟದ ಆಳಿನ ಸಂಕಟಕ್ಕೂ ಹೋಲಿಕೆಯಿಲ್ಲ, ಮಾಲೀಕನನ್ನು ಬದಲಿಸುವವನಿಗೆ ಅಲ್ಲಿ ಸೆರೆಮನೆಯೂ ಇಲ್ಲ. ಆದರೂ ಹೊರಗಿನವರು ಊರಿನವರ ಕೆಲಸ ಕಸಿಯುತ್ತಾರೆಯೇ ಎಂಬ ವಾದದಲ್ಲಿ ಕಾಫಿ ಸೀಮೆಯ ಚರಿತ್ರೆ ಕೇಳಿಸುವ ಪ್ರಶ್ನೆ ಬೇರೆ: ಬಂದವನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯವಿದೆಯೇ? ಅದಿಲ್ಲದ ಕಡೆ ಅವನ ಕೂಲಿಯೂ, ಅವನ ಜೊತೆ ದುಡಿಯುವ ಸ್ಥಳೀಯನ ಕೂಲಿಯೂ ಏರುವುದು ಕಷ್ಟ.