ಅಟ್ಟದ ಮುಡಿ, ಒಲೆಯ ಬದಿಯ ಡಬ್ಬಿ

ನಮ್ಮ ಕುಂದಾಪುರ ಕಡೆಯ ಹಳೆಯ ಮನೆಗಳಲ್ಲಿ ಅಕ್ಕಿಗೆ ಎರಡು ಜಾಗವಿರುತ್ತಿತ್ತು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳು ಅಟ್ಟದ ಮೇಲೆ. ಎರಡು ಮೂರು ದಿನಕ್ಕಾಗುವಷ್ಟು ಕುಚ್ಚಲಕ್ಕಿ ಒಲೆಯ ಬದಿಯ ಡಬ್ಬಿಯಲ್ಲಿ. ಗಂಜಿಗೆ ನೀರಿಟ್ಟ ಮೇಲೆ ಅಟ್ಟ ಹತ್ತುವವರು ಯಾರು? ಡಬ್ಬಿ ಬರಿದಾದಾಗ ಮುಡಿ ಬಿಚ್ಚಿ ತುಂಬಿಸಿದರಾಯಿತು. ಬೀಜದ ಭತ್ತದ ಮುಡಿ ಮಾತ್ರ ಬೇರೆಯೇ. ಅದಕ್ಕೆ ಯಾರೂ ಕೈ ಹಚ್ಚುವಂತಿರಲಿಲ್ಲ.

ಈ ಲೆಕ್ಕ ನನಗೆ ಮತ್ತೆ ನೆನಪಾದದ್ದು ಕಂಪ್ಯೂಟರಿನ ಮುಂದೆ. ಮನೆಯ ಹಳೆಯ ಕಂಪ್ಯೂಟರು ಶುರುವಾಗುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು. ರಜೆಯಲ್ಲಿ ಬಂದ ಅಕ್ಕನ ಮಗ ಅಂಗೈಯಗಲದ ಒಂದು ಎಸ್‌ಎಸ್‌ಡಿ ತಂದ. ಒಳಗಿದ್ದ ಹಾರ್ಡ್‌ಡಿಸ್ಕು 1000 ಜಿಬಿಯದು. ಇದು ಬರೇ 120 ಜಿಬಿ, ಆದರೆ ಬಹಳ ಚುರುಕಂತೆ.

"ಇದ್ರಗೆ ಎಲ್ಲ ಹಿಡಿತಿಲ್ಲೆ ಚಿಕ್ಕಿ. ಎಂತ ಹಾಕುದು, ಎಂತ ಬಿಡುದು, ನೀವೇ ಹೇಳಿ ಕಾಂಬ" ಎಂದ.

"ಅಮ್ಮಮ್ಮನ ಶೋಭಾನೆ ಪದ ಮೊದ್ಲ್ ಹಾಕ್" ಎಂದೆ ನಾನು. ಅಮ್ಮ ಹೋಗಿ ವರ್ಷಗಳಾದವು. ಹಿಂದೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಅವರ ದನಿ ಉಳಿದಿದ್ದುದು ಆ ಕಂಪ್ಯೂಟರಿನಲ್ಲಿ ಮಾತ್ರ. ಒಳ್ಳೆಯ ವಸ್ತುವಿಗೆ ಒಳ್ಳೆಯ ಜಾಗ ಎಂಬುದು ನನ್ನ ತರ್ಕ. ಹುಡುಗ ತಲೆಯಲ್ಲಾಡಿಸಿದ.

ಏಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರಲ್ಲಿ ಐಬಿಎಂ ಕಂಪೆನಿ ಮೊದಲ ಡಿಸ್ಕನ್ನು ಹೊರತಂದಾಗ ಅದರಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ತಟ್ಟೆ ತಿರುಗಿ, ಓದುವ ಕಡ್ಡಿ ಸರಿಯಾದ ಜಾಗಕ್ಕೆ ಸರಿಯಬೇಕಾದ್ದರಿಂದ ಅದು ನಿಧಾನ. ಇದಕ್ಕಿಂತ ವೇಗದ ಸ್ಮೃತಿ ಆಗಲೂ ಇತ್ತು. ದುಬಾರಿಯಾದ್ದರಿಂದ ಸ್ವಲ್ಪವೇ ಇಡುತ್ತಿದ್ದರು. 1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ, ಬೇಕಾದುದನ್ನು ದೊಡ್ಡ ನಿಧಾನದ ಡ್ರಮ್ಮಿನಿಂದ ಚಿಕ್ಕ ವೇಗದ ಸ್ಮೃತಿಗೆ ತಾನೇ ತಂದುಕೊಳ್ಳತೊಡಗಿತು. ನೋಡಿ, ನಮ್ಮ ಮುಡಿ ಮತ್ತು ಡಬ್ಬಿಯ ಲೆಕ್ಕವೇ!

ತಿರುಗುವ ತಟ್ಟೆಯೇ ಇಲ್ಲದ ಫ್ಲ್ಯಾಶ್ ಸ್ಮೃತಿಯನ್ನು ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಓಕಾ 1980ರ ದಶಕದಲ್ಲಿ ರೂಪಿಸಿದರು. 1991ರಲ್ಲಿ ಸನ್‌ಡಿಸ್ಕ್ ಕಂಪೆನಿ ಮಾಡಿದ ಎಸ್‌ಎಸ್‌ಡಿ ಹಿಡಿಯುತ್ತಿದ್ದುದು 20 ಎಂಬಿ; ಬೆಲೆ ಸುಮಾರು 1000 ಡಾಲರು. 2011ರಲ್ಲಿ ಇಂಟೆಲ್ ಕಂಪೆನಿ, 64 ಜಿಬಿವರೆಗಿನ ಎಸ್‌ಎಸ್‌ಡಿ ಜಾಗವನ್ನು ಹಾರ್ಡ್‌ಡಿಸ್ಕಿನ ಬದಿಯ ಡಬ್ಬಿಯಂತೆ ಬಳಸುವ ಏರ್ಪಾಡು ತಂದಿತು. ಪದೇಪದೇ ಬೇಕಾಗುವುದು ಯಾವುದೆಂದು ಯಂತ್ರವೇ ನೋಡಿಕೊಳ್ಳುತ್ತಿತ್ತು. ನಮ್ಮ ಕಂಪ್ಯೂಟರಿಗೆ ಆ ಅನುಕೂಲವಿಲ್ಲ. ನಾವೇ ಆರಿಸಬೇಕು.

ಹುಡುಗ ಬಿಡಿಸಿ ಹೇಳಿದ. ಕಂಪ್ಯೂಟರು ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ಕಡತಗಳನ್ನು ಓದಬೇಕು. ವೇಗ ಬೇಕಾದದ್ದು ಅಲ್ಲಿ. ಆದ್ದರಿಂದ ವಿಂಡೋಸು, ನಾನು ಪ್ರಶ್ನೆಪತ್ರಿಕೆ ಬರೆಯುವ ನುಡಿ ತಂತ್ರಾಂಶ, ದಿನಬಳಕೆಯ ಕೆಲವು ಮಾತ್ರ ಹೊಸದರಲ್ಲಿರಲಿ. ಫ್ಲ್ಯಾಶಿನಲ್ಲಿ ಹಳೆಯದನ್ನು ಅಳಿಸದೆ ಅದೇ ಜಾಗದಲ್ಲಿ ಹೊಸದು ಬರೆಯಲಾಗದು; ಕಂಠಮಟ್ಟ ತುಂಬಿದರೆ ನಿಧಾನವಾಗುತ್ತದೆ. ಹಾಗಾಗಿ ಒಂದಿಷ್ಟು ಖಾಲಿ ಬಿಡಬೇಕು. ಹಾಡು ಕೇಳಲು ಹಾರ್ಡ್‌ಡಿಸ್ಕಿನ ವೇಗವೇ ಧಾರಾಳ. ಮೇಲಾಗಿ ಹಾರ್ಡ್‌ಡಿಸ್ಕು ಕೆಡುವ ಮೊದಲು ಎಷ್ಟೋ ಸಲ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗಿಬಿಡಬಹುದು.

ಆಮೇಲೆ ಅವನೊಂದು ಪ್ರಶ್ನೆ ಕೇಳಿದ: "ಪದದ ಇನ್ನೊಂದ್ ಪ್ರತಿ ಎಲ್ಲಿತ್ತ್ ಚಿಕ್ಕಿ?"

ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾಸೆಟ್ಟು ಬೂಷ್ಟು ಹಿಡಿದು ಎಂದೋ ಹಾಳಾಗಿತ್ತು. ಯಾವ ಜಾಗ ಶ್ರೇಷ್ಠ ಎಂದು ಯೋಚಿಸುತ್ತಿದ್ದ ನಾನು, ಒಂದೇ ಜಾಗದಲ್ಲಿದೆ ಎಂಬುದನ್ನು ಮರೆತಿದ್ದೆ. ಆ ಹಳೆಯ ಹಾರ್ಡ್‌ಡಿಸ್ಕು ಅಷ್ಟು ದಿನದಲ್ಲಿ ಯಾವಾಗ ನಿಂತಿದ್ದರೂ ಅಮ್ಮನ ದನಿ ಇನ್ನೊಮ್ಮೆ ಕೇಳುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನವೇ ಪ್ರತಿ ಮಾಡಿದೆವು. ಒಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲೇ ಉಳಿಯಿತು. ಇನ್ನೊಂದು ಹೊರಗಿನ ಹೊಸ ಡಿಸ್ಕಿನಲ್ಲಿ ನನ್ನ ಕಪಾಟು ಸೇರಿತು. ಮತ್ತೊಂದು ಬೆಂಗಳೂರಿನ ಅಕ್ಕನ ಮನೆಗೆ ಹೋಯಿತು.

ಈಗ ಚಹಾ ಆರುವ ಮೊದಲೇ ಕಂಪ್ಯೂಟರು ಏಳುತ್ತದೆ. ಅಮ್ಮನ ಹಾಡಿಗೆ ಮಾತ್ರ ಮೊದಲಿನಷ್ಟೇ ಹೊತ್ತು ಬೇಕು. ಅದಕ್ಕೇನೂ ಅವಸರವಿಲ್ಲ.